ಮಡಿಕೆಗೊಂದು ನಾಮ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಮೂರು ಪತ್ರಗಳೂ ಮೇಜಿನ ಮೇಲಿವೆ. ಒಡೆದ ನಲ್ಲಿಗೂ ಉರಿಯದ ಬೀದಿದೀಪಕ್ಕೂ ಅಂದಂದೇ ಅರ್ಜಿ ಬರೆಯುವವನು ಮಗಳಿಗೆ ಉತ್ತರಿಸಲು ನಲವತ್ತು ದಿನ ತೆಗೆದುಕೊಂಡೆ. ಬೈಯಬೇಕೆನಿಸಿದರೆ ಬೈದುಬಿಡು. "ಅಮ್ಮ ಕೊನೆಗೆ ಏನು ಹೇಳಿದಳು?" ಎಂದು ಮೂರರಲ್ಲೂ ಕೇಳಿದ್ದೀಯ.

ನನ್ನ ಮಂಡಿನೋವು ಪರವಾಗಿಲ್ಲ. ನಿನ್ನೆ ಗಿಡ್ಡಕ್ಕ ಬಂದಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಮ್ಮಮ್ಮನ ಜೊತೆಗಿದ್ದವಳು. ಇಪ್ಪತ್ತಾರು ವರ್ಷ ಇಬ್ಬರೂ ಎದುರುಬದುರು ನಿಂತು ರೋಗಿಗಳ ಹಾಸುಬಟ್ಟೆ ಮಡಿಸಿದರು. ನಿಮ್ಮಮ್ಮನದು ಮಡಿಕೆಗೊಂದು ದೇವರ ನಾಮ. ಕೂತು ಜಪ ಮಾಡಲು ಪುರುಸೊತ್ತಿಲ್ಲವೆಂದು ಒಮ್ಮೆ ಗುರುಗಳ ಮುಂದೆ ಅತ್ತಿದ್ದಳಂತೆ. ಅವರು, "ಕೂರು ಅಂತ ಯಾರಂದ್ರು ತಾಯಿ? ಆ ಮಂಚಗಳ ಮೇಲೆ ಮಲಗಿರೋನು ಅವನೇ. ಅವನಿಗೆ ಹಾಸು. ಉಳಿದದ್ದು ಅವನ ಕೃಪೆ" ಎಂದರಂತೆ.

ಉಪನಿಷತ್ತುಗಳನ್ನು ಭಾಷ್ಯದ ಸಮೇತ ಓದಿದ ನಾನು, "ಬೆಡ್‌ಶೀಟಿನಿಂದ ಮೋಕ್ಷವೇನೇ?" ಎಂದು ಛೇಡಿಸುತ್ತಿದ್ದೆ.

"ನಿಮ್ಮ ಪುಸ್ತಕದಿಂದ ಸಿಗೋದಾದ್ರೆ ಇದರಿಂದ ಯಾಕೆ ಸಿಗಲ್ಲ ರೀ? ಇದರ ಮೇಲೆ ಧೂಳಾದ್ರೂ ಇಲ್ಲ" ಎನ್ನುತ್ತಿದ್ದಳು.

ಅಂಥವಳನ್ನು ಕೊನೆಗಾಲದಲ್ಲಿ ಅದೇ ಆಸ್ಪತ್ರೆ ಹರಿದ, ಕಲೆಗಟ್ಟಿದ ಹಾಸಿನ ಮೇಲೆ ಮಲಗಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದೆ. ಹನ್ನೊಂದು ವರ್ಷದ ಹಿಂದೆ ಒಗೆಯುವ ಯಂತ್ರ ಕೆಟ್ಟಾಗ ಈ ಹೆಂಗಸರು ತಿಂಗಳುಗಟ್ಟಲೆ ಕೈಯಲ್ಲೇ ಒಗೆದದ್ದನ್ನು, ಕಾಯಿಲೆ ಬಿದ್ದರೆ ಇವರನ್ನು ಆಸ್ಪತ್ರೆಯೇ ಚೆನ್ನಾಗಿ ನೋಡಿಕೊಳ್ಳುತ್ತದೆಂದು ಆಗಿನ ಅಧಿಕಾರಿ ಕೊಟ್ಟು ಮರೆತ ಮಾತನ್ನು, ತಾರೀಖಿನ ಸಮೇತ ಹೇಳಿದೆ.

"ಕೂತ್ಕೊಳ್ಳಿ ಯಜಮಾನ್ರೇ."

"ಕೂರೋಕೆ ಬಂದಿಲ್ಲ ನಾನು."

ಕೊನೆಗೆ ಅವರು ಕ್ಷಮೆ ಕೇಳಿ ಒಳ್ಳೆಯ ಹಾಸು ತರಿಸಿಕೊಟ್ಟರು. ಗೆದ್ದೆ, ಪುಟ್ಟಿ.

ಹೊತ್ತಿಗೆ ಸರಿಯಾಗಿ ಉಣ್ಣು. ಅವಳ ಸಮಾಧಾನದಲ್ಲಿ ಒಂದು ತುಣುಕಾದರೂ ನಿನಗೆ ಬರಲಿ, ನನ್ನ ಕೋಪ ಬಾರದಿರಲಿ.

ನಿನ್ನ
ಅಪ್ಪ

ಮರೆತದ್ದು: ಮರೆತದ್ದಲ್ಲ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅವಳ ಕೊನೆಯ ಮಾತು ನನಗೇ ಹೇಳಿದ್ದು. "ರೀ, ನನ್ನ ದನಿ ಹೋಗ್ತಿದೆ. ಇನ್ನು ನಾಮ ನೀವು ಹೇಳಿ, ನಾನು ಕೇಳಿಸ್ಕೋತೀನಿ." ನಾನು, "ಹೇಳ್ತೀನಿ ಕಣೇ, ಮೊದಲು ಇವರಿಗೆ ಬುದ್ಧಿ ಕಲಿಸಿ ಬರ್ತೀನಿ" ಎಂದು ಕೈ ಬಿಡಿಸಿಕೊಂಡು ಹೋದೆ. ಹಾಸು ಹಿಡಿದು ವಾಪಸು ಬಂದಾಗ ಗಿಡ್ಡಕ್ಕ ಅವಳ ಕಿವಿಯಲ್ಲಿ ನಾಮ ಹೇಳುತ್ತಿದ್ದಳು. ಕೇಳಿಸಿಕೊಳ್ಳುವವಳು ಇರಲಿಲ್ಲ.

ಉಳಿದದ್ದನ್ನು ಗಿಡ್ಡಕ್ಕ ನಿನ್ನೆ ಹೇಳಿದಳು: "ಆ ಹರಕು ಹಾಸಿನ ಅಂಚನ್ನೇ ಬೆರಳಲ್ಲಿ ಮಡಿಸ್ತಾ ಇದ್ಲು, ಭಾವ. ಆಮೇಲೆ ಬೆರಳು ನಿಂತ್ವು. ಯಾರೋ ಬಂದ್ರು ಅನ್ನೋ ಹಾಗೆ ಬಾಗಿಲ ಕಡೆ ನೋಡಿ ನಕ್ಕಳು, ಮುಖವೆಲ್ಲ ಬೆಳಗಿತು. ನೀವು ಬಂದ್ರಿ ಅಂದ್ಕೊಂಡು ನಾನೂ ತಿರುಗಿ ನೋಡ್ದೆ. ಬಾಗಿಲಲ್ಲಿ ಯಾರೂ ಇರ್ಲಿಲ್ಲ."