ಸುರಂಗದೊಳಗೆ ಹಿಡಿದ ಉಸಿರು

ಪಿಟ್ಸ್‌ಬರ್ಗ್
ಅಕ್ಟೋಬರ್ 9, ಗುರುವಾರ

ಪ್ರಿಯ ಸಿರಿಲ್,

ಮೂರು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ವಿಶ್ವವಿದ್ಯಾಲಯದ ಆಸ್ಪತ್ರೆಯಿಂದ ನಿನಗೆ ಫೋನ್ ಬಂದರೂ ಬಂದೀತು, ತಿಳಿಸೋಣವೆಂದು ಬರೆಯುತ್ತಿದ್ದೇನೆ. ತುರ್ತಿಗೆ ಯಾರನ್ನು ಕರೆಯಬೇಕು ಎಂದು ಕೇಳಿದ ಕಡೆ ನಿನ್ನ ಹೆಸರು ಬರೆದುಬಿಟ್ಟೆ. ಹೊಡೆದುಹಾಕೋಣವೆಂದರೆ ಬೇರೆ ಹೆಸರು ಹೊಳೆಯಲಿಲ್ಲ.

ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟಿತ್ತು. ಬೇಸಿಗೆಯಲ್ಲೇ ತೆಗೆದರು. ಈಗ ವಿಕಿರಣ ಚಿಕಿತ್ಸೆ, ಒಟ್ಟು ಇಪ್ಪತ್ತು ದಿನ. ಒಂಬತ್ತು ಮುಗಿದಿವೆ. ನಾನು ಚೆನ್ನಾಗಿದ್ದೇನೆ. ಬಸ್ಸಿನಲ್ಲೇ ಹೋಗಿ ಬರುತ್ತೇನೆ, ಯಾರ ಹಂಗೂ ಇಲ್ಲ.

ಇಲ್ಲಿಯವರು ದಿನಾ ಹೆಸರು ಮತ್ತು ಹುಟ್ಟಿದ ದಿನ ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ಮುಖ ಗುರುತಿದ್ದರೂ ಬಿಡುವುದಿಲ್ಲ. ಮೊದಲ ದಿನ ನಾನು ಹೆಸರು ಸರಿಯಾಗಿ ಹೇಳಿ, ಹುಟ್ಟಿದ ದಿನ ಮಾತ್ರ ನಿನ್ನದು ಹೇಳಿದೆ. ನಲವತ್ತು ವರ್ಷ ನಿನ್ನ ಔಷಧಿ ತರಲು ಹೋದಾಗಲೆಲ್ಲ ಅಂಗಡಿಯಲ್ಲಿ ಹೇಳಿ ಹೇಳಿ ಅದೇ ನಾಲಿಗೆಗೆ ಹತ್ತಿದೆ. ಯಂತ್ರ ನಡೆಸುವ ಡೆಲ್‌ರಾಯ್ ಅಲ್ಲಿಗೇ ಎಲ್ಲ ನಿಲ್ಲಿಸಿದ. ಮಣಿಕಟ್ಟಿನ ಪಟ್ಟಿ ನೋಡಿದ, ಫೋಟೋ ನೋಡಿದ, ಇನ್ನೊಬ್ಬಳನ್ನು ಕರೆದು ತೋರಿಸಿದ. ಆಮೇಲೆ, "ಎಪ್ಪತ್ತೊಂದು ವರ್ಷ ಅಂತೀರಾ? ಅಷ್ಟೊಂದು ಕಾಣ್ಸಲ್ಲ ಬಿಡಿ ಮೇಡಂ! ಯಾರದು, ಯಜಮಾನ್ರದಾ?" ಎಂದ. ಆ ಕೊರೆಯುವ ತಣ್ಣನೆ ಮೇಜಿನ ಮೇಲೆ, ಅರ್ಧ ಬಟ್ಟೆಯಲ್ಲಿ, ನಾನು ಹೌದೆಂದೆ.

ನನಗೆ ಕಷ್ಟವಾದದ್ದು ಉಸಿರು. ಹೃದಯ ಇರುವುದೂ ಎಡಕ್ಕೇ ಅಲ್ಲವೇ? ಎದೆ ತುಂಬ ಉಸಿರೆಳೆದು ಹಿಡಿದರೆ ಅದು ಕಿರಣದ ದಾರಿಯಿಂದ ಹಿಂದೆ ಸರಿಯುತ್ತದಂತೆ. ಇಪ್ಪತ್ತು ಸೆಕೆಂಡು ಹಿಡಿಯಬೇಕು. ತಾಲೀಮಿನ ದಿನ ಹನ್ನೊಂದಕ್ಕೇ ಬಿಟ್ಟೆ, ಮತ್ತೆ ಒಂಬತ್ತಕ್ಕೆ. ಹೃದಯಕ್ಕೂ ಏಟು ಬೀಳುತ್ತದೆಂದು ಅಳು ಬಂತು. ಡಾಕ್ಟರ್ ಒಬ್ಬರೇ ತೀರ್ಮಾನಿಸಲಿಲ್ಲ. ಕಿರಣದ ಲೆಕ್ಕ ಹಾಕುವ ಯೂಜೀನಿಯಾ ಬಂದಳು, ಡೆಲ್‌ರಾಯ್ ಬಂದ, ಮೂವರೂ ನನ್ನ ಎದೆಯ ಸ್ಕ್ಯಾನ್ ಚಿತ್ರದ ಮುಂದೆ ಕೂತರು. ಶುರುಮಾಡುವುದನ್ನೇ ನಾಲ್ಕು ದಿನ ಮುಂದೆ ಹಾಕಿದರು. ಯೂಜೀನಿಯಾ ನನ್ನ ಪಕ್ಕ ಕೂತು, "ಆತುರ ಏನಿಲ್ಲಮ್ಮ. ಉಸ್ರು ಬಿಟ್ರೆ ಯಂತ್ರ ತಾನೇ ನಿಲ್ಲತ್ತೆ, ಮತ್ತೆ ಎಳ್ಕೊಳ್ಳಿ. ನಿಮ್ ಹೃದಯ ಕಾಯೋಕೇ ನಾವಿರೋದು" ಎಂದಳು. ಇಷ್ಟು ದಿನದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ ಸಿರಿಲ್.

ಬಸ್ಸು ಫೋರ್ಟ್ ಪಿಟ್ ಸುರಂಗಕ್ಕೆ ಇಳಿದಾಗ ಉಪಾಯ ಸಿಕ್ಕಿತು. ಸುರಂಗ ಬಂತೆಂದರೆ ಆ ತುದಿಯವರೆಗೆ ಉಸಿರು ಹಿಡಿಯಬೇಕು, ಸೋತವರು ಪಾತ್ರೆ ತೊಳೆಯಬೇಕು ಎಂದು ಕಟ್ಟಳೆ ಮಾಡಿದವನು ನೀನು. ನನ್ನನ್ನು ಸೋಲಿಸಲೆಂದೇ ಕಾರು ನಿಧಾನ ಮಾಡುತ್ತಿದ್ದೆ, ಕಳ್ಳ! ಹಿಂದಿನವರು ಹಾರ್ನ್ ಹೊಡೆದರೂ ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿದ್ದೆ. ಈಗ ಮೇಜಿನ ಮೇಲೆ "ಉಸ್ರು ಎಳೀರಿ, ಹಿಡೀರಿ" ಎಂಬ ದನಿ ಬಂದೊಡನೆ ನಾನು ಸುರಂಗದೊಳಗೆ ಹೋಗುತ್ತೇನೆ. ಪಕ್ಕದಲ್ಲಿ ನೀನಿರುತ್ತೀಯ. ನಿನ್ನೆ ಇಪ್ಪತ್ತಾರು ಸೆಕೆಂಡು ಹಿಡಿದೆ. "ಮೇಡಂ, ಬಿಡಿ ಸಾಕು, ನಮ್ಗೇ ಉಸ್ರು ಕಟ್ತಾ ಇದೆ" ಎಂದು ಡೆಲ್‌ರಾಯ್ ಮೈಕಿನಲ್ಲಿ ಕೂಗಿದ.

ಬಿಡಲು ಮನಸ್ಸಿರಲಿಲ್ಲ. ಬಿಟ್ಟೊಡನೆ ನೀನು ಇಳಿದುಹೋಗುತ್ತೀಯ.

ನೀನು ಮನೆ ಬಿಟ್ಟು ಈರಿ ಸರೋವರದ ದಡದ ಊರಿಗೆ ಹೊರಟ ದಿನ "ಹೋಗೋದಾದ್ರೆ ಹೋಗು, ಯಾರು ಹಿಡ್ಕೊಂಡಿದಾರೆ ನಿನ್ನ" ಎಂದೆ. ಹಿಡಿಯಬಹುದಿತ್ತು. ನನ್ನ ಹಟ ಬಿಡಲಿಲ್ಲ, ನಿನ್ನದೂ ಕಡಿಮೆಯದೇನಲ್ಲ. ಸಂಜೆ ಮೈಯೆಲ್ಲ ಸೋತು ಬರುತ್ತದೆ. ಆಗ ಅಡುಗೆಮನೆಯಲ್ಲಿ ನೀನು ಈರುಳ್ಳಿ ಹುರಿಯುವ ಸದ್ದು ಬೇಕೆನಿಸುತ್ತದೆ. ಬೇಕೆನಿಸುತ್ತದೆ ಎಂದೆ, ಅಷ್ಟೆ. ಇದನ್ನು ಓದಿ ಓಡಿ ಬರಬೇಕೆಂದೇನಿಲ್ಲ. ಇಲ್ಲಿ ನನ್ನನ್ನು ನೋಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುತ್ತಿರು.

ಇನ್ನೂ ನಿನ್ನ ಮನೆತನದ ಹೆಸರನ್ನೇ ಇಟ್ಟುಕೊಂಡಿರುವ,
ಬರ್ನಡೀನ್ ಹ್ರುಷ್ಕಾ

ತಾ.ಕ.: ನನ್ನ ಸರದಿ ದಿನಾ ಬೆಳಿಗ್ಗೆ ಏಳೂಕಾಲಕ್ಕೆ. ಇಪ್ಪತ್ತನಾಲ್ಕನೇ ತಾರೀಕು, ಶುಕ್ರವಾರ, ಕೊನೆಯ ದಿನ. ಅದೊಂದನ್ನು ಮಾತ್ರ ಡೆಲ್‌ರಾಯ್‌ನ ಕಾಲು ಹಿಡಿದು ಹನ್ನೊಂದೂವರೆಗೆ ಹಾಕಿಸಿಕೊಂಡಿದ್ದೇನೆ. ಈರಿಯಿಂದ ಎಂಟೂವರೆಗೆ ಹೊರಟರೂ ಸಾಕಾಗುತ್ತದೆ.