ಡ್ಯಾಮ್ಸೆಲ್ ಅಂದರೆ ಹುಳ

ಹಾವೇರಿ
೧೪-೧೦-೨೦೦೪

ಚಿ. ಸೌ. ಪುಷ್ಪಾವತಿಗೆ ಅಪ್ಪನ ಆಶೀರ್ವಾದಗಳು.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕುಳಿತಾಗೆಲ್ಲ ಸಿಟ್ಟು ಬಂದು ಹರಿದುಹಾಕಿದೆ. ಅಳಿಯಂದಿರ ಬೆನ್ನುನೋವು ಹೇಗಿದೆ? ಬಿಸಿನೀರಿನ ಶಾಖ ಬಿಡಬೇಡಿರಿ.

ಸುದ್ದಿ ನಿಮ್ಮ ರಾಣೇಬೆನ್ನೂರಿನವರೆಗೆ ಬಂದಿದೆಯೆಂದು ಗೊತ್ತು. ಅದು ಅರ್ಧ ಸುದ್ದಿ. ಪೂರ್ತಿ ಕೇಳು.

ನಿಮ್ಮವ್ವ ಹೋದ ಮೇಲೆ ನಾನು ಬ್ಯಾಡಗಿ ರಸ್ತೆಯ ಹೊಂಡಕ್ಕೆ ಹೋಗುವುದು ನಿನಗೆ ಗೊತ್ತೇ ಇದೆ. ಮಳೆ ನಿಂತ ಮೇಲೆ ಅಲ್ಲಿನ ಜೊಂಡಿನ ತುಂಬ ಹುಳಗಳು. ರೆಕ್ಕೆ ಅಗಲಿಸಿ ಕೂತರೆ ಡ್ರ್ಯಾಗನ್‌ಫ್ಲೈ, ಮಡಚಿ ಕೂತರೆ ಡ್ಯಾಮ್ಸೆಲ್‌ಫ್ಲೈ. ಕಾಲೇಜಿನ ಝೂವಾಲಜಿಯಲ್ಲಿ ನನಗೆ ಉಳಿದದ್ದು ಇಷ್ಟೇ. ನನ್ನ ಲೆನ್ಸು ಸಣ್ಣದು. ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿಯೇ ಫೋಟೋ ತೆಗೆಯಬೇಕು. ಎದುರು ದಂಡೆಯಲ್ಲಿ ಹೆಂಗಸರು ಅರಿವೆ ಒಗೆಯುತ್ತಾರೆ. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು.

ಅವರಲ್ಲೊಬ್ಬಳು ಮೈಲವ್ವ. "ದಿನಾ ಬಂದು ಏನ್ ತಗೀತೀರಿ ಸಾಹೇಬ್ರ?" ಎಂದು ಕೇಳಿದಳು.

"ಡ್ಯಾಮ್ಸೆಲ್ ಬರ್ತಾವಲ್ಲವ್ವಾ, ಅವನ್ನ. ತೆಳ್ಳಗ ಇರ್ತಾವ. ಜೋಡಿ ಕುಂತಾಗ ಭಾಳ ಚಂದ" ಎಂದೆ.

ಆಕೆಯ ಅಣ್ಣನ ಮಗ ದುರ್ಗೇಶ ಬಿ.ಎ. ಓದುತ್ತಾನೆ. ಆ ಪಂಡಿತ ಡಿಕ್ಷನರಿ ತೆಗೆದನಂತೆ. "ಅತ್ತಿ, ಡ್ಯಾಮ್ಸೆಲ್ ಅಂದ್ರ ಹರೇದ ಹುಡುಗಿ!"

ಮರುದಿನ ಕೆಸರಿನಿಂದ ತಲೆ ಎತ್ತಿದರೆ ಸುತ್ತಲೂ ಗಂಡಸರು.

"ಏನ್ರಿ ಯಜಮಾನ್ರ, ಈ ವಯಸ್ಸಿನಾಗ ಹುಡುಗ್ಯಾರ ಫೋಟೋದ ಚಟಾ?"

"ಹುಳಾರೀ, ಹುಳಾ!"

"ಹುಳಾ ನಿಮ್ಮ ತಲ್ಯಾಗ ಹೊಕ್ಕೈತಿ."

"ಡ್ಯಾಮ್ಸೆಲ್ ಫ್ಲೈ! ಫ್ಲೈ!" ಎಂದು ಕೂಗಿದೆ. ದುರ್ಗೇಶ ಅದಕ್ಕೂ ಅರ್ಥ ಹೇಳಿದ: "ಫ್ಲೈ ಅಂದ್ರ ಹಾರೂದು. ಹುಡುಗೀನ್ನ ಹಾರಿಸ್ಕೊಂಡು ಹೋಗೂದು!"

ಒಬ್ಬ ಕ್ಯಾಮೆರಾದ ಬೆನ್ನು ತೆರೆದು, ಬಿಸಿಲಿನಲ್ಲಿ ರೀಲನ್ನು ಶ್ಯಾವಿಗೆಯಂತೆ ಎಳೆದುಹಾಕಿದ. ಗಂಡು ಹುಳ ಕುತ್ತಿಗೆ ಹಿಡಿದುಕೊಂಡಿರಲು ಹೆಣ್ಣು ಬಾಲ ಮುಳುಗಿಸಿ ತತ್ತಿ ಇಡುತ್ತಿದ್ದ ಜೋಡಿ ಆ ರೀಲಿನಲ್ಲಿತ್ತು. ವರ್ಷವೆಲ್ಲ ಕಾದು ಸಿಕ್ಕಿದ್ದು. ಬೆಳಕು ಬಿದ್ದು ಸುಟ್ಟುಹೋಯಿತು. ವೆಲ್ತ್ ಲಾಸ್ಟ್ ನಥಿಂಗ್ ಲಾಸ್ಟ್, ಹೆಲ್ತ್ ಲಾಸ್ಟ್... ಮುಂದೇನೋ ಇದೆ, ಕಡೆಗೆ ಕ್ಯಾರೆಕ್ಟರ್ ಬರುತ್ತದೆ. ನನ್ನದು ಅದೇ ಹೋಯಿತು.

ನನ್ನ ರೀಲು ತೊಳೆದುಕೊಡುವ ಸ್ಟುಡಿಯೋದ ಇಸ್ಮಾಯಿಲಸಾಬ ಸುದ್ದಿ ಕೇಳಿ ಸುಮ್ಮನೆ ಕೂಡಲಿಲ್ಲ. ಹಳೆಯ ಪ್ರಿಂಟುಗಳನ್ನೆಲ್ಲ ಒಯ್ದು ಹೊಂಡದ ಕಲ್ಲಿನ ಮೇಲೆ ಹರಡಿದ. "ನೋಡ್ರೆಪಾ, ಒಂದರಾಗರ ಸೀರಿ ಸೆರಗು ಐತೇನು?" ಮೈಲವ್ವ ಬಗ್ಗಿ ನೋಡಿ ಹಣೆ ಬಡಿದುಕೊಂಡಳು. "ಅಯ್ಯ ಶಿವನ, ಇಮಾನದ ಹುಳಾ! ಹಂಗಂತ ಹೇಳಬಾರದನ್ರಿ?"

ಹೇಳಬಹುದಿತ್ತು. ಆದರೆ ಇಮಾನದ ಹುಳ ಅಂದರೆ ಡ್ರ್ಯಾಗನ್‌ಫ್ಲೈ, ಇದು ಬೇರೆ! ಅದನ್ನು ಅಲ್ಲಿ ಯಾರಿಗೆ ಹೇಳಲಿ? ದುರ್ಗೇಶ "ಸಾರಿ ಸರ್" ಎಂದ. ಸಾರಿ ಎಂದರೆ ಸುಟ್ಟ ರೀಲು ತಿರುಗಿ ಬರುತ್ತದೆಯೇ? ಅವನ ಮುಖವನ್ನೂ ನೋಡಲಿಲ್ಲ.

ಇರಲಿ. ನೀನು, ಅಳಿಯಂದಿರು, ಮಕ್ಕಳು ನೆಮ್ಮದಿಯಾಗಿರಿ. ನಿನ್ನ ಮನೆಯ ಮೇಲೆ ಯಾರ ಕೆಟ್ಟ ಮಾತೂ ಬೀಳದಿರಲಿ.

ನಿನ್ನ ಅಪ್ಪ,
ಮಲ್ಲೇಶಪ್ಪ

ತಾ.ಕ.: ಬೈದವರಿಗೆ ಫೋಟೋ ತೋರಿಸಬಹುದಿತ್ತು, ತೋರಿಸಿದೆವು. ನೀನು ಬೈಯಲೂ ಇಲ್ಲ. ಫೋನು ಮಾಡಿ, "ಇರ್ಲಿ ಬಿಡಪ್ಪಾ, ಅವ್ವ ಹೋದಮ್ಯಾಲ ಒಬ್ಬಾವ ಅದಿ. ನಾವೇನು ತಪ್ಪು ತಿಳ್ಕೊಳ್ಳಂಗಿಲ್ಲ. ಕ್ಯಾಮೆರಾ ಮಾರಿಬಿಡು" ಎಂದೆ. ಮೈಲವ್ವನಾದರೂ ಏನು ತಗೀತೀರಿ ಎಂದು ಕೇಳಿದ್ದಳು. ನೀನು ಕೇಳದೆಯೇ ಕ್ಷಮಿಸಿಬಿಟ್ಟೆ, ಮಗಳೇ.