ಸೊಸೆಯ ಕೈಗುಣ

ಅರಕಲಗೂಡು
14-7-2024

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆ ಭಾನುಪ್ರಿಯಾ ನಮಸ್ಕಾರ ಹೇಳ್ತಾ ಇದ್ದೀನಿ. ಮಂಡಿನೋವು ಹೇಗಿದೆ? ಬಾಗೂರಿನ ನೀರು ಈಗಲಾದ್ರೂ ಒಗ್ಗಿತಾ? ಅನುಶ್ರೀ ಹೊತ್ತುಹೊತ್ತಿಗೆ ಬಿಸಿ ಮುದ್ದೆ ಹಾಕ್ತಾಳೆ ಅಂದ್ಕೊಂಡಿದ್ದೀನಿ, ಹೆತ್ತ ಮಗಳಲ್ವಾ. ಫೋನಾದ್ರೆ ನೀವು ನಡುವೆ ಬಾಯಿ ಹಾಕ್ತೀರಿ, ಅದಕ್ಕೇ ಈ ಕಾಗದ. ಇಲ್ಲಿ ನಿಮ್ಮ ಮಗ ಚೆನ್ನಾಗಿದ್ದಾರೆ.

ಅಂಗಳದ ಸುದ್ದಿ ಹೇಳ್ಬೇಕು. ಹೋದ ಮಳೆಗಾಲದಲ್ಲಿ, ನೀವು ಮಗಳ ಮನೆಗೆ ಹೋದ ಮೇಲೆ, ನರ್ಸರಿಯಿಂದ ನಾಲ್ಕು ತುಂಡು ಬಳ್ಳಿ ತಂದು ನೆಟ್ಟೆ. ನೆಲದ ಮೇಲೇ ಹಬ್ಬಿ ಹಳದಿ ಹೂ ಬಿಡೋ ಜಾತಿ, ವೆಡೀಲಿಯಾ ಅಂತಾರೆ. ನೀರು, ಗೊಬ್ಬರ, ಆರೈಕೆ ಏನೂ ಕೇಳಲ್ಲ. ಗೆಣ್ಣು ಮಣ್ಣಿಗೆ ತಾಗಿದ್ರೆ ಅಲ್ಲೇ ಬೇರು. ಕಿತ್ತು ಬಿಸಾಕಿದ ತುಂಡೂ ಬಿದ್ದಲ್ಲೇ ಚಿಗುರ್ತದೆ. ಒಂದೇ ವರ್ಷಕ್ಕೆ ಅಂಗಳ ಪೂರಾ ಮುಚ್ಚಿ, ಬೇಸಿಗೆಯಲ್ಲೂ ಹೂವು. ನೀವು ತವರಿಂದ ತಂದು ಹಾಕಿದ್ದ ಸೇವಂತಿಗೆ ಪಾತಿ ಅದರಡಿ ಸೇರ್ಕೊಂಡು ಸತ್ತೋಯ್ತು. ಬಿಡಿಸಬಹುದಿತ್ತು, ಬಿಡಿಸಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಜಗಲಿ ಮೇಲೆ ಕೂತು ನೋಡ್ತಾ ಕಾಫಿ ಕುಡಿದೆ.

ನಾನೇನೂ ಮರ್ತಿಲ್ಲ ಅತ್ತೆಮ್ಮಾ. ಮದುವೆಯಾಗಿ ಬಂದ ವರ್ಷ ನಾನು ನೆಟ್ಟ ಕರಿಬೇವು ಒಣಗಿತು ಅಂತ, "ಇವಳ್ ಕೈಗುಣ ನೆಟ್ಟಗಿಲ್ಲ ಕಣ್ರವ್ವ, ಬೀಜ ಮುಟ್ಟುಸ್ಬ್ಯಾಡಿ" ಅಂತ ಬೀದಿಗೆಲ್ಲ ಸಾರಿದ್ರಿ. ಹನ್ನೊಂದು ವರ್ಷ ಯಾರೂ ನನ್ನ ಕೈಲಿ ಒಂದು ಅವರೆಕಾಳು ಊರಿಸಲಿಲ್ಲ. ರಾಗಿ ಬಿತ್ತನೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋದ್ರೆ ನಾನೊಬ್ಬಳೇ ಒಲೆ ಮುಂದೆ ಕೂತು ಅತ್ತಿದ್ದೀನಿ. ಆ ಸಿಟ್ಟು ಇನ್ನೂ ಹೊಟ್ಟೆಯಲ್ಲಿ ಹಾಗೇ ಇದೆ. ಈಗ ಅದೇ ಬೀದಿಯವರು ಗೆಣ್ಣು ಕೇಳ್ಕೊಂಡು ಬರ್ತಾರೆ. "ನೀನೇ ಬಂದು ನೆಟ್ಕೊಡವ್ವ, ನಿನ್ ಕೈ ಒಳ್ಳೇದು" ಅಂತಾರೆ. ನಿಮ್ಮ ಗೆಳತಿ ಸುಬ್ಬಮ್ಮನೂ ಬಂದಿದ್ರು. ಅವರಿಗೆ ಎರಡು ದಿನ ಕಾಯಿಸಿ ಕೊಟ್ಟೆ.

ಚಳಿಗಾಳಿಗೆ ಹೊರಗೆ ಕೂರಬೇಡಿ, ಮಂಡಿಗೆ ಎಣ್ಣೆ ತಿಕ್ಕಿಸ್ಕೊಳ್ಳಿ. ನಿಮ್ಮ ಮಗ ಕೇಳಿದೆ ಅಂತ ಹೇಳು ಅಂದ್ರು.

ಇತಿ ನಿಮ್ಮ ಹಿರಿ ಸೊಸೆ,
ಭಾನುಪ್ರಿಯಾ

ಬರೆಯೋದೇ ಮರೆತಿದ್ದೆ: ಮೊನ್ನೆ ಅನುಶ್ರೀ ಫೋನ್ ಮಾಡಿದ್ಲು. ಅಲ್ಲಿಗೆ ಹೋದ್ಮೇಲೆ ನೀವು ನೆಟ್ಟ ದಾಸವಾಳ, ಮಲ್ಲಿಗೆ, ನಿಂಬೆ ಮೂರೂ ಒಣಗಿದ್ವಂತೆ. ಬರೋ ಭಾನುವಾರ ನಾನು ಬಂದು ಅವಳ ಅಂಗಳಕ್ಕೆ ಬಳ್ಳಿ ನೆಡಬೇಕಂತೆ. ಅದು ಬೇರು ಹಿಡಿಯೋವರೆಗೂ ನೀವು ನುಗ್ಗೇಹಳ್ಳಿಯಲ್ಲಿ ನಿಮ್ಮ ತಂಗಿ ಮನೆಯಲ್ಲಿದ್ರೆ ಒಳ್ಳೇದಂತೆ. ಅಮ್ಮನಿಗೆ ಯಾವ ಬಾಯಲ್ಲಿ ಹೇಳ್ಲಿ, ನೀವೇ ಬರ್ದುಬಿಡಿ ಅತ್ತಿಗೆ ಅಂದ್ಲು. ಬರ್ದಿದ್ದೀನಿ.